ಕಸದ ಗುಂಡಿಯ ಬಳ್ಳಿ

ಹಿತ್ತಲಿನ ಕಸದ ಗುಂಡಿಯ ಅಂಚಿನಲ್ಲಿ ಆ ಗಿಡ ಮೊದಲು ಕಂಡದ್ದು ಸೊಸೆಯ ಕಣ್ಣಿಗೆ. ಬೆಳಗ್ಗೆ ಸಿಪ್ಪೆಯ ಬುಟ್ಟಿ ಸುರಿಯಲು ಹೋದವಳು, ಕೊಳೆತ ಎಲೆಕೋಸಿನ ನಡುವಿನಿಂದ ಎರಡು ದಪ್ಪ ಎಲೆಗಳು ಮೇಲೆದ್ದಿದ್ದನ್ನು ನೋಡಿ, ಕಳೆಯಿರಬೇಕೆಂದು ಕೀಳಲು ಬಗ್ಗಿದಳು.

“ಏಯ್, ಮುಟ್ಟಬೇಡ ಅದನ್ನ!”

ಮಾವ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು. ಬಾಯಿ ತುಂಬ ಪೇಸ್ಟಿನ ನೊರೆ, ಕೈಯಲ್ಲಿ ಬ್ರಷ್ಷು.

“ಕಳೆ ಅಲ್ವಾ ಮಾವ?”

“ಕಳೆಯೋ ಬೆಳೆಯೋ ಅಂತ ಹೇಳೋಕೆ ನಾನಿಲ್ವಾ? ಹಿತ್ತಲು ನಂದು. ನಿನ್ನ ಕೆಲಸ ಅಡುಗೆಮನೇಲಿ. ಅದನ್ನ ನೆಟ್ಟಗೆ ಮಾಡಿದ್ರೆ ಸಾಕಾಗಿತ್ತು.”

ಹೀಗೆಂದು ಅವರು ಗುಂಡಿಯ ಪಕ್ಕದಲ್ಲೇ ಕ್ಯಾಕರಿಸಿ ಉಗಿದರು. ಒಂದಿಷ್ಟು ನೊರೆ ಆ ಎಲೆಯ ಮೇಲೂ ಬಿತ್ತು. ಸೊಸೆ ಮುಖ ತಿರುಗಿಸಿಕೊಂಡು ಬುಟ್ಟಿ ಕೊಡವಿ ಒಳಗೆ ಬಂದಳು.

ಮಾವನನ್ನು ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತೆರಡು ವರ್ಷ ಅಡುಗೆಯವರ ಮೇಲೆ ಮೇಸ್ತ್ರಿಯಾಗಿದ್ದವರು. ದಿನಕ್ಕೆರಡು ಹೊತ್ತು ಎಂಟುನೂರು ಜನರ ಊಟ. ಅವರು ಚಮಚದ ತುದಿಯನ್ನು ನಾಲಿಗೆಗೆ ತಾಗಿಸಿ ತಲೆಯಾಡಿಸದೆ ಒಂದು ಪಾತ್ರೆಯೂ ಒಲೆಯಿಂದ ಇಳಿಯುತ್ತಿರಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಬೇರೆಯವರೂ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಹಿತ್ತಲಿನಲ್ಲಿ ನಾಲ್ಕು ಮಡಿ ಮಾಡಿ ಟೊಮೇಟೊ, ಬೀನ್ಸ್, ಬದನೆ, ಸೊಪ್ಪು ಬೆಳೆಯುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ, ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುವ ಒಬ್ಬನೇ ಮಗ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಸೊಸೆ, ಹತ್ತು ವರ್ಷದ ಮೊಮ್ಮಗಳು. ಕೂತಲ್ಲಿ ಕೂರದೆ ಚಿಲಿಪಿಲಿ ಮಾತಾಡುವ ಮೊಮ್ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

ಹಿಂದಿನ ವರ್ಷ ಮೇಸ್ತ್ರಿಗೆ ಕೆಟ್ಟ ಜ್ವರ ಬಂದು ಹದಿನೈದು ದಿನ ಮಲಗಿದ್ದರು. ಎದ್ದ ಮೇಲೆ ಅವರಿಗೆ ಸೊಸೆಯ ಅಡುಗೆ ಸೇರದಂತಾಯಿತು. ಮೊದಲು ಸುಮ್ಮನೆ ತಟ್ಟೆ ಸರಿಸುತ್ತಿದ್ದರು. ಆಮೇಲೆ ಬೈಗುಳ ಶುರುವಾಯಿತು.

“ಇದೇನಮ್ಮ, ಆಸ್ಪತ್ರೆ ಬಟ್ಟೆ ಹಿಂಡಿದ ನೀರಾ?”

ಮೊದಲ ಸಲ ಈ ಮಾತು ಬಂದ ದಿನ ಸೊಸೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು. ಹಗಲೆಲ್ಲ ಗ್ಲೌಸ್ ತೊಟ್ಟು ರಕ್ತ, ಕೀವು, ಮಲ ಮೆತ್ತಿದ ಹಾಸಿಗೆವಸ್ತ್ರಗಳನ್ನು ಬೇರೆ ಬೇರೆ ಮಾಡಿ ಯಂತ್ರಕ್ಕೆ ಹಾಕಿ, ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆದುಕೊಂಡು ಬಂದು ಅದೇ ಕೈಯಲ್ಲಿ ಅನ್ನ ಬಡಿಸುವವಳು ಅವಳು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಗಂಡನ ಕಡೆ ನೋಡಿದಳು. ಅವನು ತಟ್ಟೆಯಲ್ಲಿ ಏನೋ ಹುಡುಕುವವನಂತೆ ಅನ್ನ ಕಲಸುತ್ತಿದ್ದ. ಕೇಳಿಸಿಕೊಂಡ ಅತ್ತೆ ನೀರಿನ ಚೊಂಬು ತರಲು ಎದ್ದು ಹೋದರು.

ಸೊಸೆ ಖಾರ ಹೆಚ್ಚಿಸಿ ನೋಡಿದಳು, ಎಣ್ಣೆ ಹೆಚ್ಚಿಸಿ ನೋಡಿದಳು. ಊಹೂಂ. “ಸಪ್ಪೆ, ಸಪ್ಪೆ, ಬರೀ ಸಪ್ಪೆ” ಎನ್ನುತ್ತ ಮೇಸ್ತ್ರಿ ತಾವೇ ಎದ್ದು ಬಂದು ಪಾತ್ರೆಗೆ ಉಪ್ಪಿನ ಡಬ್ಬಿಯನ್ನೇ ಬಗ್ಗಿಸುತ್ತಿದ್ದರು. ಗುಬ್ಬಿಯ ಊಟದ ಡಬ್ಬಿ ಶಾಲೆಯಿಂದ ತುಂಬಿದ್ದು ತುಂಬಿದ ಹಾಗೇ ವಾಪಸು ಬರತೊಡಗಿತು. ಗಂಡ ಡಿಪೋದ ಕ್ಯಾಂಟೀನಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಬಂದು, ಮನೆಯಲ್ಲಿ ಎರಡು ತುತ್ತು ತಿಂದಂತೆ ಮಾಡುತ್ತಿದ್ದ.

“ನನ್ನ ಕೈಯೇ ಕೆಟ್ಟಿದೆಯೇನೋ” ಎಂದು ಸೊಸೆ ಒಮ್ಮೆ, ಮಾವ ಉಪ್ಪು ಬಗ್ಗಿಸುವ ಮೊದಲೇ ತುಂಬಿಕೊಂಡ ತನ್ನ ಡಬ್ಬಿಯನ್ನು ಕೆಲಸದಲ್ಲಿ ಜೊತೆಯವಳಿಗೆ ಕೊಟ್ಟು ರುಚಿ ನೋಡಲು ಹೇಳಿದಳು. ಅವಳು ಡಬ್ಬಿಯ ತಳ ಸವರಿ ತಿಂದು, “ಹುಚ್ಚೀ, ನನ್ನ ಕೇಳ್ತೀಯಲ್ಲ! ನಾಳೆನೂ ತಗೊಂಡು ಬಾ” ಎಂದಿದ್ದಳು. ಸಮಾಧಾನವಾಗಲಿಲ್ಲ. ಹಸಿದವಳ ಮಾತು ಎಂದುಕೊಂಡಳು.

ಇತ್ತ ಗುಂಡಿಯ ಗಿಡ ಎರಡೇ ವಾರದಲ್ಲಿ ಬಳ್ಳಿಯಾಯಿತು. ಮೇಸ್ತ್ರಿ ಬಚ್ಚಲಿನ ನೀರು ಹೋಗುವ ಕಾಲುವೆಯನ್ನು ಅದರ ಬುಡಕ್ಕೇ ತಿರುಗಿಸಿದರು. ಸೋಪಿನ ನೊರೆ, ಕೂದಲಿನ ಉಂಡೆ, ಬಾಯಿ ಮುಕ್ಕಳಿಸಿದ ನೀರು ಎಲ್ಲ ಅಲ್ಲಿ ಮಡುಗಟ್ಟಿ, ಮೇಲೆ ಹಸಿರು ಪಾಚಿಯ ಕೆನೆ ಕಟ್ಟಿತು. ಅದನ್ನು ಕುಡಿದುಕೊಂಡು ಬಳ್ಳಿ ಸೊಕ್ಕಿತು. ಎಲೆಗಳು ಮೊರದಷ್ಟು ಅಗಲ, ದಂಟಿನ ತುಂಬ ಚುಚ್ಚುವ ಬಿಳಿ ರೋಮ, ಎಲೆ ಮಗುಚಿದರೆ ಅಂಟಂಟಾದ ಕಪ್ಪು ಹೇನು. ಬೀನ್ಸಿನ ಸಾಲನ್ನು ಹತ್ತಿ ಮುಚ್ಚಿತು. ಟೊಮೇಟೊ ಗಿಡಗಳು ಅದರಡಿ ಬೆಳಕಿಲ್ಲದೆ ಕೊಳೆತವು. ಅಡುಗೆಮನೆಯ ಕಿಟಕಿಯಿಂದ ನೊಣಗಳು ಒಳಬಂದು ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಸಾಲಾಗಿ ಕೂರತೊಡಗಿದವು.

“ಕುಂಬಳ” ಎಂದ ಮಗ.

“ಕುಂಬಳದ ಎಲೆ ಹೀಗಿರಲ್ಲ, ಇದು ಸೋರೆ” ಎಂದರು ಅತ್ತೆ.

“ಕಲ್ಲಂಗಡಿ ಇರ್ಲಿ ದೇವ್ರೇ” ಎಂದಳು ಗುಬ್ಬಿ.

ಮೇಸ್ತ್ರಿ ಯಾವುದನ್ನೂ ಒಪ್ಪಲಿಲ್ಲ. “ಕಾಯಿ ಬಿಡ್ಲಿ, ಹೇಳ್ತೀನಿ.”

ಕಾಯಿ ಬಿಟ್ಟಿತು. ಆದರೂ ಯಾರಿಗೂ ಹೇಳಲಾಗಲಿಲ್ಲ. ತೊಟ್ಟಿನ ಬಳಿ ಸೋರೆಯಂತೆ ಸಣ್ಣ ಕತ್ತು, ಕೆಳಗೆ ಕುಂಬಳದಂತೆ ಹೊಟ್ಟೆ. ಹಸಿರು ಸಿಪ್ಪೆಯ ಮೇಲೆ ಹಳದಿ ಗೀರು, ಅಲ್ಲಲ್ಲಿ ನರಹುಲಿಯಂತಹ ಗಂಟು. ಸೊಸೆಗೆ ಅದನ್ನು ನೋಡಿದಾಗಲೆಲ್ಲ ಆಸ್ಪತ್ರೆಯಲ್ಲಿ ಕಂಡ ಯಾವುದೋ ಗಡ್ಡೆಯ ನೆನಪಾಗುತ್ತಿತ್ತು. ಮೊದಲು ಬಿಟ್ಟದ್ದೊಂದು ಕಾಯಿ ಕೆಸರಿಗೆ ತಾಗಿ ಕೊಳೆತು ಬಿರಿಯಿತು. ಒಳಗೆ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು.

“ಮಾವ, ಕಿತ್ತು ಹಾಕೋಣ. ನಾತ ತಡೆಯೋಕಾಗಲ್ಲ” ಎಂದಳು.

“ನಾತ? ಎಲ್ಲಿದೆ ನಾತ?” ಮೇಸ್ತ್ರಿ ಮಡುವಿನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಳ್ಳಿ ಕಟ್ಟುತ್ತಿದ್ದರು. “ನಿನಗೆ ಕೆಲಸದಿಂದ ಮೂಗಲ್ಲೇ ನಾತ ಕೂತಿದೆ.”

ಗುಬ್ಬಿ ಒಂದು ದಿನ ಶಾಲೆಯಿಂದ ಬರುವಾಗ ರಸ್ತೆ ತಿರುವಿನ ಗಿಡದ ನರ್ಸರಿಯವನನ್ನು ಕರೆದುಕೊಂಡೇ ಬಂದಳು. ಅವನು ಪ್ಯಾಂಟಿನ ಕಾಲು ಮಡಚಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಬಳ್ಳಿಯ ಸುತ್ತ ಎರಡು ಸುತ್ತು ಹಾಕಿದ.

“ಯಾರೂ ಬಿತ್ತಿದ್ದಲ್ಲ ಅಲ್ವಾ ಇದು? ಕಸದಲ್ಲಿ ಬಂದ ಬೀಜ. ಎರಡು ಜಾತಿ ಬೆರಕೆ ಆಗಿರಬಹುದು. ನೋಡಿ ಮೇಸ್ತ್ರಿ, ಇಂಥದ್ದನ್ನ ನಂಬೋ ಹಾಗಿಲ್ಲ. ಒಂದು ಚೂರು ಕೊಯ್ದು ನಾಲಿಗೆ ತುದಿಗೆ ಇಡಿ. ಕಹಿ ಅನ್ನಿಸ್ತಾ, ಥೂ ಅಂತ ಉಗಿದು ಗಿಡಾನೇ ಕಿತ್ತು ಬಿಸಾಕಿ. ಬೇಯಿಸಿದ್ರೂ ಆ ವಿಷ ಹೋಗಲ್ಲ.”

“ರುಚಿ ನೋಡೋದನ್ನ ನನಗೆ ಹೇಳಿಕೊಡ್ತೀಯಾ ನೀನು?” ಎಂದು ಮೇಸ್ತ್ರಿ ನಕ್ಕರು.

ನರ್ಸರಿಯವನೂ ನಕ್ಕ. “ನಿಮಗೆ ಯಾರಪ್ಪ ಹೇಳಿಕೊಡ್ತಾರೆ?”

ಆ ವಾರದ ರಜೆಯ ದಿನ, ಮಧ್ಯಾಹ್ನಕ್ಕೆ ಮುಂಚೆ, ಮೇಸ್ತ್ರಿ ದೊಡ್ಡದೊಂದು ಕಾಯಿ ಕೊಯ್ದು ತಂದು ಊಟದ ಮೇಜಿನ ಮೇಲಿಟ್ಟರು. ಎಲ್ಲರನ್ನೂ ಕರೆದರು. ಚಾಕುವಿನಿಂದ ತೆಳ್ಳಗೆ ಒಂದು ಬಿಲ್ಲೆ ಕತ್ತರಿಸಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಕ್ಯಾಂಟೀನಿನ ಕಾಲದ ಗತ್ತು ಅದು. ಗುಬ್ಬಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

“ಎಳೆ ಸೌತೆಕಾಯಿ ಇದ್ದ ಹಾಗಿದೆ. ಸಿಹಿ!” ಎಂದು ನುಂಗಿದರು. “ಇವತ್ತು ಅಡುಗೆ ನಂದು. ಅಡುಗೆ ಅಂದ್ರೆ ಏನು ಅಂತ ಕೆಲವರು ನೋಡಿ ಕಲೀಲಿ.”

ಅತ್ತೆಯ ಮುಖ ಒಂದು ಕ್ಷಣ ಬಿಳಿಚಿತು. “ನಾನೂ ಒಂದು ಚೂರು ನೋಡ್ಲಾ?” ಎಂದರು.

“ಯಾಕೆ, ನಾನು ನೋಡಿದ್ದು ಸಾಲದಾ?”

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

ಮೇಸ್ತ್ರಿ ಸೊಸೆಯನ್ನು ಅಡುಗೆಮನೆಯಿಂದ ಹೊರಗಿಟ್ಟು ಒಂದು ಗಂಟೆ ಸದ್ದು ಮಾಡಿದರು. ಒಗ್ಗರಣೆಯ ಹೊಗೆ ಮನೆಯೆಲ್ಲ ತುಂಬಿತು. ದೊಡ್ಡ ಬಾಣಲೆಯ ತುಂಬ ಪಲ್ಯ ಮಾಡಿ ತಾವೇ ಎಲ್ಲರ ತಟ್ಟೆಗೆ ಬಡಿಸಿದರು. ಹಸಿರು ಹಳದಿ ಹೋಳುಗಳು ಮೆತ್ತಗಾಗಿ, ಲೋಳೆಯಂತಹ ನೀರು ಬಿಟ್ಟುಕೊಂಡು ಅನ್ನದತ್ತ ಹರಿದವು.

ಮೊದಲ ತುತ್ತು ಬಾಯಿಗಿಟ್ಟವಳು ಗುಬ್ಬಿ. ಅವಳ ಮುಖವೆಲ್ಲ ಕಿವುಚಿಕೊಂಡಿತು. ಅರ್ಧ ಒಳಗೆ ಹೋಗಿತ್ತು. ಉಳಿದರ್ಧವನ್ನು ತಟ್ಟೆಗೇ ಉಗಿದಳು.

“ಥೂ! ತಾತ, ಕಹಿ! ಔಷಧಿಗಿಂತ ಕಹಿ!”

“ಏನದು, ತಟ್ಟೆಗೆ ಉಗಿಯೋದು? ಇದನ್ನೇ ಕಲಿಸಿದ್ದಾಳಾ ನಿಮ್ಮಮ್ಮ? ತಿನ್ನು!”

“ಅಪ್ಪಾ...” ಗುಬ್ಬಿ ತಂದೆಯ ಕಡೆ ತಿರುಗಿದಳು.

ಅವಳ ತಂದೆ ಒಂದು ತುತ್ತು ಬಾಯಿಗಿಟ್ಟಿದ್ದ. ಅವನ ಗಂಟಲಮಣಿ ಮೇಲೆ ಕೆಳಗೆ ಆಡಿತು, ಕಣ್ಣಲ್ಲಿ ನೀರು ಬಂತು. ಆದರೂ ನುಂಗಿದ. ಇನ್ನೊಂದು ತುತ್ತು ಕಲಸಿದ. “ತಿನ್ನು ಮರಿ, ತಾತ ಕಷ್ಟಪಟ್ಟು ಮಾಡಿದ್ದಾರೆ” ಎಂದ.

ಗುಬ್ಬಿ ಅಜ್ಜಿಯ ಕಡೆ ನೋಡಿದಳು. ಅತ್ತೆಯೂ ಬಾಯಿಗಿಟ್ಟಿದ್ದರು. ಅವರ ತುಟಿ ಅದುರುತ್ತಿತ್ತು. ಮೇಸ್ತ್ರಿ ಅವರನ್ನೇ ದಿಟ್ಟಿಸುತ್ತಿದ್ದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುವಂತೆ ಮಾಡಿ, “ಚೆನ್ನಾಗೇ ಇದೆ. ತಿನ್ನು ಪುಟ್ಟಿ” ಎಂದರು.

ಸೊಸೆ ಆಗ ಒಂದು ಹೋಳನ್ನು ಬೆರಳಿನಿಂದ ಎತ್ತಿ ನಾಲಿಗೆಗೆ ತಾಗಿಸಿದಳು. ನಾಲಿಗೆಯಿಂದ ಹಿಡಿದು ಕಿವಿಯವರೆಗೆ ಜುಮ್ಮೆನ್ನುವ ಕಹಿ. ಅವಳು ಕಿಟಕಿಯ ಬಳಿ ಓಡಿ ಹೊರಗೆ ಉಗಿದು, ಹಿಂದಿರುಗಿ ಬಂದು ಗುಬ್ಬಿಯ ತೋಳು ಹಿಡಿದು ಎಬ್ಬಿಸಿದಳು.

“ಯಾರೂ ತಿನ್ನಬೇಡಿ. ಇದು ವಿಷ. ಏಳಿ, ರೀ, ಏಳಿ ಮೇಲೆ!”

“ಕೂತ್ಕೋ!” ಮೇಸ್ತ್ರಿ ಮೇಜು ಗುದ್ದಿದರು. “ವಿಷವಂತೆ! ನೀನು ವರ್ಷವಿಡೀ ಬಡಿಸಿದ್ದು ತಿಂದು ಬದುಕಿಲ್ವಾ ನಾವು? ನೋಡು, ತಿಂದು ತೋರಿಸ್ತೀನಿ.”

ಅವರು ತಮ್ಮ ತಟ್ಟೆ ಮುಗಿಸಿದರು. ಗುಬ್ಬಿ ಉಗಿದ ತಟ್ಟೆಯನ್ನೂ ಎಳೆದುಕೊಂಡು, ಅವಳ ಎಂಜಲನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಅದನ್ನೂ ಮುಗಿಸಿದರು. ಹುಬ್ಬು ಕೂಡ ಅಲುಗಲಿಲ್ಲ. ಸೊಸೆ ಬಚ್ಚಲಿನಲ್ಲಿ ಮಗಳಿಗೆ ಬಾಯಿ ತೊಳೆಸುತ್ತ, ಬಾಗಿಲ ಸಂದಿಯಿಂದ ಇದನ್ನು ನೋಡಿದಳು. ಆ ಕಹಿಯನ್ನು ಒಬ್ಬ ಮನುಷ್ಯ ಹಟಕ್ಕಾಗಿ ಅಷ್ಟು ತಿನ್ನಬಲ್ಲನೇ ಎಂದು ಅವಳಿಗೆ ಹೇಸಿಗೆಯೂ ಆಯಿತು, ಗಾಬರಿಯೂ ಆಯಿತು.

ಮುಕ್ಕಾಲು ಗಂಟೆಯೊಳಗೆ ಶುರುವಾಯಿತು. ಮೊದಲು ಗುಬ್ಬಿ ಒಮ್ಮೆ ವಾಂತಿ ಮಾಡಿ ಹಗುರಾದಳು. ಆಮೇಲೆ ಅವಳ ತಂದೆ ಬಚ್ಚಲು ಹಿಡಿದ. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು ಬಕೆಟ್ಟಿಗೆ ಕಕ್ಕಿದರು. ಮೇಸ್ತ್ರಿ ಮಾತ್ರ ಕುರ್ಚಿಯಲ್ಲಿ ಕೂತು, “ಹೆದರಿಕೆಗೆ ವಾಂತಿ ಬರುತ್ತೆ, ಅಷ್ಟೇ” ಎನ್ನುತ್ತಿದ್ದವರು, ಮಾತು ಮುಗಿಯುವ ಮೊದಲೇ ಮುಂದಕ್ಕೆ ಬಾಗಿ ತಮ್ಮ ಅಂಗಿಯ ಮೇಲೆ, ಮೇಜಿನ ಮೇಲೆ, ನೆಲದ ಮೇಲೆ ಸುರಿದರು. ನಿಲ್ಲಲೇ ಇಲ್ಲ. ಕೊನೆಗೆ ಹಸಿರು ಪಿತ್ತ ಬಂತು. ಅದರ ಹಿಂದೆಯೇ ಭೇದಿಯಾಗಿ ಬಟ್ಟೆಯೆಲ್ಲ ಕೆಟ್ಟಿತು. ಅದರಲ್ಲಿ ರಕ್ತವಿತ್ತು.

ನಿಂತಿದ್ದವಳು ಸೊಸೆಯೊಬ್ಬಳೇ. ಮಾವನ ಅಂಗಿ ಬಿಚ್ಚಿದಳು, ಒದ್ದೆ ಬಟ್ಟೆಯಿಂದ ಮೈ ಒರೆಸಿದಳು, ಕಾಲು ಒರೆಸಿದಳು. ಕೆಲಸದಲ್ಲಿ ಗ್ಲೌಸ್ ಇರುತ್ತಿತ್ತು. ಇಲ್ಲಿ ಬರಿಗೈ. ಪಕ್ಕದ ಮನೆಯವರ ಕಾರಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಎಲ್ಲರನ್ನೂ ತುಂಬಿಸಿ, ತಾನು ದುಡಿಯುವ ಆಸ್ಪತ್ರೆಗೇ ಕರೆದೊಯ್ದಳು.

ಮೇಸ್ತ್ರಿಯ ರಕ್ತದೊತ್ತಡ ಕುಸಿದಿತ್ತು. ಎರಡು ಕೈಗೂ ಡ್ರಿಪ್ ಹಾಕಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮುಲಾಜಿಲ್ಲದ ಮಾತು.

“ಉಳಿದವರು ಒಂದೆರಡು ತುತ್ತಿಗೇ ನಿಲ್ಲಿಸಿದ್ದಾರೆ. ಇವರು ಎರಡು ತಟ್ಟೆ ತಿಂದಿದ್ದಾರೆ ಅಂತೀರಲ್ಲ, ಅದು ಹೇಗೆ ಸಾಧ್ಯ? ನಾಲಿಗೆ ಇರೋ ಯಾರೂ ಅದನ್ನ ನುಂಗೋಕಾಗಲ್ಲ. ಇವರಿಗೆ ರುಚಿ ಗೊತ್ತಾಗುತ್ತಾ?”

“ಗೊತ್ತಾಗದೆ ಏನು? ಅವರು ಅಡುಗೆ ಮೇಸ್ತ್ರಿ” ಎಂದಳು ಸೊಸೆ.

ಡಾಕ್ಟರು ಹೋದ ಮೇಲೆ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅತ್ತೆ ನೆಲ ನೋಡುತ್ತ ಹೇಳಿದರು, “ಗೊತ್ತಾಗಲ್ಲ ಕಣೇ.”

“ಏನು?”

“ಆ ಜ್ವರ ಬಂತಲ್ಲ, ಆವಾಗಿನಿಂದ. ರುಚಿನೂ ಇಲ್ಲ, ವಾಸನೆನೂ ಇಲ್ಲ. ಮಣ್ಣು ತಿಂದ ಹಾಗಿರುತ್ತೆ ಅಂತಾರೆ. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು.”

ಟ್ರಾಲಿಯೊಂದು ಕಿರಗುಟ್ಟುತ್ತ ಅವರೆದುರು ಹಾದುಹೋಯಿತು.

“ಹಾಗಾದ್ರೆ ಇಷ್ಟು ದಿನ ನನ್ನ ಅಡುಗೆ...”

“ನಿನ್ನ ಅಡುಗೆ ಚೆನ್ನಾಗೇ ಇತ್ತು. ಯಾವಾಗಲೂ ಚೆನ್ನಾಗೇ ಇತ್ತು. ಬೈತಾ ಇದ್ರೆ, ರುಚಿ ಗೊತ್ತಾಗುತ್ತಾ ಅಂತ ಯಾರೂ ಅವರನ್ನ ಕೇಳೋಕೆ ಬರಲ್ಲ, ನೋಡು. ಅದಕ್ಕೇ ಬೈತಿದ್ರು.”

“ನೀವು ಪಕ್ಕದಲ್ಲೇ ಕೂತಿದ್ರಿ ಅತ್ತೆ. ಬಟ್ಟೆ ಹಿಂಡಿದ ನೀರು ಅಂದಾಗ್ಲೂ ಅಲ್ಲೇ ಇದ್ರಿ.”

“ಮೂವತ್ತೆರಡು ವರ್ಷ ಆ ನಾಲಿಗೆ ಮೇಲೇ ನಿಂತಿದ್ದ ಮನುಷ್ಯ. ಅದೂ ಹೋಯ್ತು ಅಂದ್ರೆ ಬೀದೀಲಿ ತಲೆ ಎತ್ತಿ ಹೇಗೆ ನಡೀತಾರೆ ಅಂತ...”

“ಅದು ಹಾಳಾಗಿ ಹೋಗ್ಲಿ.” ಸೊಸೆ ಎದ್ದು ನಿಂತಳು. “ಇವತ್ತು? ಕಹಿ ಅಂತ ನಿಮ್ಮ ಬಾಯಿಗೆ ಗೊತ್ತಾಯ್ತಲ್ಲ? ಆ ಮಗುವಿನ ಮುಖ ನೋಡ್ಕೊಂಡು ‘ಚೆನ್ನಾಗೇ ಇದೆ, ತಿನ್ನು’ ಅಂದ್ರಲ್ಲ? ಹೇಗೆ ಬಂತು ಆ ಮಾತು ನಿಮ್ಮ ಬಾಯಲ್ಲಿ?”

ಸೊಸೆ ಅಲ್ಲಿಂದ ಕಾರಿಡಾರಿನ ಕೊನೆಯ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು. ಮತ್ತೆ ತೊಳೆದುಕೊಂಡಳು. ಮಧ್ಯಾಹ್ನದಿಂದ ಮಾಡಿದ ಯಾವ ಕೆಲಸಕ್ಕೂ ಬಾರದ ವಾಕರಿಕೆ ಆಗ ಬಂತು.

ಮಗ ಮತ್ತು ಅತ್ತೆ ಮರುದಿನ ಮನೆಗೆ ಬಂದರು. ಮೇಸ್ತ್ರಿ ಆರು ದಿನ ಆಸ್ಪತ್ರೆಯಲ್ಲಿದ್ದರು. ಆ ವಾರ್ಡಿನ ಬಟ್ಟೆಯ ಗಂಟು ಪ್ರತಿದಿನ ಸೊಸೆಯ ಮೇಜಿಗೇ ಬರುತ್ತಿತ್ತು. ಗ್ಲೌಸ್ ಹಾಕಿಕೊಂಡು ಬಿಚ್ಚುತ್ತಿದ್ದಳು, ಯಾವುದು ಮಾವನದು ಎಂದು ಹುಡುಕದೆ ಒಟ್ಟಿಗೆ ಯಂತ್ರಕ್ಕೆ ತಳ್ಳುತ್ತಿದ್ದಳು. ಮನೆಗೆ ಬಂದರೆ ಗಂಡನ ಜೊತೆ ಮಾತು.

“ಹೋಗ್ಲಿ ಬಿಡು. ವಯಸ್ಸಾದವರು. ಸಾವಿನ ಬಾಯಿಂದ ಬಂದಿದ್ದಾರೆ.”

“ನಾನೇನು ಸಾಯ್ಲಿ ಅಂದ್ನಾ? ಎತ್ಕೊಂಡು ಹೋದವಳು ಯಾರು?”

“ಅದನ್ನೇ ಹೇಳ್ತಿದ್ದೀನಿ. ನೀನು ದೊಡ್ಡ ಮನಸ್ಸು ಮಾಡು.”

“ನನ್ನ ಮನಸ್ಸು ದೊಡ್ಡದಾಗ್ತಾ ಹೋದ್ರೆ ನಿಮಗೆಲ್ಲ ಬಾಯಿ ಮುಚ್ಚಿಕೊಂಡಿರೋಕೆ ಅನುಕೂಲ. ನಿಮ್ಮದು ನಾಲಿಗೆ ಸತ್ತಿರಲಿಲ್ವಲ್ಲ. ಒಂದು ದಿನ, ಒಂದೇ ಒಂದು ದಿನ ‘ಅಪ್ಪ, ಊಟ ಚೆನ್ನಾಗಿದೆ’ ಅಂದಿದ್ರಾ?”

ಗಂಡ ಮೊಣಕಾಲು ತುರಿಸಿಕೊಂಡ. “ಅವರೆದುರು ಮಾತಾಡಿ ನನಗೆ ಅಭ್ಯಾಸ ಇಲ್ಲ.”

“ಮಗಳಿಗೆ ವಿಷ ತಿನ್ನು ಅನ್ನೋಕೆ ಅಭ್ಯಾಸ ಇತ್ತು.”

ಅವನು ಎದ್ದು ಹೊರಗೆ ಹೋದ. ಆ ಮಾತು ಹೆಚ್ಚಾಯಿತೆಂದು ಅವಳಿಗೆ ಅನ್ನಿಸಲಿಲ್ಲ. ಅವನ ಬೆನ್ನು ನೋಡಿದರೂ ಬಾಯಿಯಲ್ಲಿ ಏನೋ ಅಂಟಿದಂತಾಗುತ್ತಿತ್ತು.

ಮೇಸ್ತ್ರಿ ಆಸ್ಪತ್ರೆಯಲ್ಲಿರುವಾಗಲೇ ಒಂದು ಸಂಜೆ ಅವಳು ಗುಬ್ಬಿಯನ್ನು ಕರೆದುಕೊಂಡು ಹಿತ್ತಲಿಗೆ ಇಳಿದಳು. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕುಡುಗೋಲಿನಿಂದ ಬಳ್ಳಿ ಕತ್ತರಿಸಿ ಎಳೆದರು. ಕತ್ತರಿಸಿದಲ್ಲೆಲ್ಲ ಅಂಟು ರಸ ಸುರಿದು ಕೈ ಕಪ್ಪಾಯಿತು. ಎಲೆಯಡಿ ಬಸವನಹುಳುಗಳು ಗೊಂಚಲಾಗಿದ್ದವು. ಕೊಳೆತ ಕಾಯಿಯೊಂದು ಗುಬ್ಬಿಯ ಕಾಲಡಿಯಲ್ಲಿ ಪಚಕ್ಕೆಂದು ಒಡೆದಾಗ ಅವಳು, “ಅಯ್ಯಯ್ಯೋ ಅಮ್ಮಾ!” ಎಂದು ಕುಣಿದಳು. ಬೇರು ಕಿತ್ತಾಗ ಗುಂಡಿಯೇ ಬಾಯಿ ತೆರೆದಂತೆ ನಾತ ಎದ್ದಿತು. ಐದು ಚೀಲ ತುಂಬಿತು. ಅತ್ತೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಬೇಡವೆನ್ನಲಿಲ್ಲ, ಇಳಿದೂ ಬರಲಿಲ್ಲ. ಬಚ್ಚಲಿನ ಕಾಲುವೆಯನ್ನು ಸೊಸೆ ಮೊದಲಿದ್ದ ಕಡೆಗೇ ತಿರುಗಿಸಿದಳು.

ಮೇಸ್ತ್ರಿ ಮನೆಗೆ ಬಂದ ದಿನ ಅವಳು ಅತ್ತೆಗೆ ಒಂದೇ ಮಾತು ಹೇಳಿದಳು. “ಇನ್ಮೇಲೆ ನಾನು ಮೂರು ಜನಕ್ಕೆ ಮಾಡ್ತೀನಿ. ನಿಮ್ಮಿಬ್ಬರದು ನೀವು ನೋಡ್ಕೊಳ್ಳಿ. ಅವರಾಗಿ ನನಗೆ ಒಂದು ಮಾತು ಹೇಳೋ ತನಕ.”

ಒಂದೇ ಒಲೆಯಲ್ಲಿ ಎರಡು ಅಡುಗೆ ಶುರುವಾಯಿತು. ಸೊಸೆ ಕೆಲಸಕ್ಕೆ ಹೋದ ಮೇಲೆ ಅತ್ತೆ ಊದಿದ ಕಾಲೆಳೆಯುತ್ತ ಬಂದು ಗಂಜಿ ಬೇಯಿಸುತ್ತಿದ್ದರು. ಮೇಸ್ತ್ರಿ ಬಡವಾಗಿದ್ದರು, ಕೆನ್ನೆ ಒಳಸೇರಿತ್ತು. ಸೊಸೆ ಎದುರಾದರೆ ಗೋಡೆಯ ಕಡೆ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬಳ್ಳಿ ಎಲ್ಲಿ ಎಂದೂ ಕೇಳಲಿಲ್ಲ. ಹೀಗೇ ಮೂರು ವಾರ ಕಳೆಯಿತು. ಗುಬ್ಬಿ ಮಾತ್ರ ಎರಡೂ ಕಡೆ ಓಡಾಡಿಕೊಂಡಿದ್ದಳು. “ತಾತ, ನಿಮಗೆ ಐಸ್‌ಕ್ರೀಮೂ ಗೊತ್ತಾಗಲ್ವಾ?” ಎಂದು ಒಮ್ಮೆ ಕೇಳಿದಳು. ಮೇಸ್ತ್ರಿ ಪೇಪರು ಅಡ್ಡ ಹಿಡಿದರು.

ಮೂರನೆಯ ವಾರದ ಕೊನೆಗೆ, ಒಂದು ಸಂಜೆ, ಕುಳ್ಳ ಬಂದ. ಕ್ಯಾಂಟೀನಿನಲ್ಲಿ ಮೇಸ್ತ್ರಿಯ ಕೈಕೆಳಗೆ ಹದಿನೆಂಟು ವರ್ಷ ದುಡಿದವನು; ಈಗ ನೆತ್ತಿ ಬೋಳಾಗಿತ್ತು, ಆದರೂ ಆಗಿನ ಅಡ್ಡಹೆಸರೇ ಉಳಿದಿತ್ತು. ಕೆಲಸ ಬಿಟ್ಟು ಸ್ವಂತ ಹೋಟೆಲು ಇಡುತ್ತಿದ್ದ. ಮುಂದಿನ ವಾರವೇ ಬಾಗಿಲು ತೆರೆಯುವುದಿತ್ತು. ಕಾಯಿಲೆಯ ಸುದ್ದಿ ಕೇಳಿ ಹಣ್ಣು ತಂದಿದ್ದ. ಜೊತೆಗೊಂದು ಸ್ಟೀಲಿನ ಕ್ಯಾರಿಯರು.

“ತರಕಾರಿ ಸಾಗು ಮೇಸ್ತ್ರಿ. ದಿನಾ ಇದೇ ಮುಖ್ಯ ಅಂತ ಇಟ್ಕೊಂಡಿದ್ದೀನಿ. ನೀವು ಒಂದು ಚಮಚ ನೋಡಿ ಹೇಳದೆ ಬಾಗಿಲು ತೆರೆಯೋಕೆ ನನಗೆ ಧೈರ್ಯ ಇಲ್ಲ.”

ಕೆಲಸದಿಂದ ಆಗ ತಾನೇ ಬಂದ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಗ ಕುರ್ಚಿಯ ತುದಿಗೆ ಸರಿದ. ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. ಚಮಚ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿದರು. ಅದೇ ಗತ್ತು.

“ಹುಳಿ ಮುಂದಾಯ್ತು ಕಣೋ.”

ಕುಳ್ಳ ಗಲಿಬಿಲಿಯಾದ. “ಹುಳಿನಾ? ನಾನು ಹುಳಿ ಹಾಕೇ ಇಲ್ವಲ್ಲ ಮೇಸ್ತ್ರಿ.”

“ಹಾಗಾದ್ರೆ ತರಕಾರಿ ಹಳಸಿದೆ. ಇದನ್ನ ಬಡಿಸಿದ್ರೆ ಜನ ಎರಡನೇ ದಿನ ಬರಲ್ಲ.”

ಕುಳ್ಳನ ಮುಖ ಸಣ್ಣದಾಯಿತು. ಕ್ಯಾರಿಯರಿನ ಮುಚ್ಚಳ ಹಾಕಿದ, ಮತ್ತೆ ತೆಗೆದು ಮೂಸಿದ. “ನಾನೂ ನೋಡಿದ್ದೆ, ನನ್ನ ಹೆಂಡತಿನೂ ನೋಡಿದ್ಲು, ಸರಿಯಾಗಿದೆ ಅನ್ನಿಸ್ತು. ನನ್ನ ಕೈಯೇ ಕೆಟ್ಟಿರಬೇಕು ಬಿಡಿ. ಈ ವಯಸ್ಸಲ್ಲಿ ಹೋಟೆಲು ಅಂತ ಹೊರಟಿದ್ದೇ ತಪ್ಪೇನೋ.”

ಸೊಸೆ ಒಮ್ಮೆ ಕೆಲಸದಲ್ಲಿ ಜೊತೆಯವಳಿಗೆ ಆಡಿದ್ದ ಮಾತೇ ಅದು. ಸತ್ತು ಬದುಕಿ ಬಂದ ಮೇಲೂ ಈ ಮನುಷ್ಯ ಬಿಡಲಿಲ್ಲವಲ್ಲ ಎಂದು ಅವಳು ಬಾಗಿಲು ದಾಟಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದರು. ಕುಳ್ಳನ ಕೈಯಿಂದ ಕ್ಯಾರಿಯರು ತೆಗೆದುಕೊಂಡು, ಅದೇ ಚಮಚದಿಂದ ತಿಂದರು. ಇನ್ನೊಂದು ಚಮಚ ತಿಂದರು.

“ಚೆನ್ನಾಗಿದೆಯಪ್ಪ. ಹುಳಿನೂ ಇಲ್ಲ, ಹಳಸೂ ಇಲ್ಲ. ನೀನು ಹೋಟೆಲು ಇಡು.”

“ಒಳಗೆ ಹೋಗೇ” ಎಂದರು ಮೇಸ್ತ್ರಿ.

“ಇವರಿಗೆ ರುಚಿ ಗೊತ್ತಾಗಲ್ಲ” ಎಂದರು ಅತ್ತೆ. ಮಾತು ಕುಳ್ಳನಿಗಾದರೂ ಕಣ್ಣು ಗಂಡನ ಮೇಲಿತ್ತು. “ಉಪ್ಪಿಗೂ ಮರಳಿಗೂ ವ್ಯತ್ಯಾಸ ತಿಳಿಯಲ್ಲ. ಒಂದು ವರ್ಷ ಆಯ್ತು. ನಮ್ಮ ಸೊಸೆ ಅಡುಗೇನ ಸುಳ್ಳು ಸುಳ್ಳೇ ಬೈದ್ರು. ನಾನು ಗೊತ್ತಿದ್ದೂ ಸುಮ್ಮನಿದ್ದೆ. ಮೊಮ್ಮಗಳಿಗೆ ನನ್ನ ಬಾಯಾರೆ ವಿಷ ತಿನ್ನು ಅಂದೆ. ನಿನಗೂ ಹಾಗೆ ಮಾಡೋಕೆ ನನ್ನ ಕೈಲಾಗಲ್ಲ.”

ಮೇಸ್ತ್ರಿಯ ದವಡೆ ಅಲುಗಾಡಿತು. ಬೈಗುಳ ಬರುತ್ತದೆಂದು ಮಗ ತಲೆ ತಗ್ಗಿಸಿದ. ಬರಲಿಲ್ಲ. ಕುಳ್ಳ ನಿಧಾನವಾಗಿ ಮೇಸ್ತ್ರಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

“ಪೂರ್ತಿನಾ ಮೇಸ್ತ್ರಿ? ಸಿಹಿನೂ?”

ಮೇಸ್ತ್ರಿ, “ಪೂರ್ತಿ” ಎಂದರು. ಆಮೇಲೆ, ಯಾರ ಮುಖವನ್ನೂ ನೋಡದೆ, ಬಾಗಿಲ ಕಡೆಗೆ ಹೇಳಿದರು, “ನಿನ್ನ ಕೈ ಕೆಟ್ಟಿರಲಿಲ್ಲಮ್ಮ.”

ತನಗೆ ಅಳು ಬರುತ್ತದೆಂದು ಸೊಸೆ ಎಣಿಸಿದ್ದಳು. ಬರಲಿಲ್ಲ. ಮೂರು ವಾರ ಕಾದ ಮಾತು ಬಂದಾಗ ಒಗೆದ ಬಟ್ಟೆಯ ಗಂಟು ಇಳಿಸಿದಂತೆ ಭುಜ ಸ್ವಲ್ಪ ಹಗುರಾಯಿತು, ಅಷ್ಟೇ. ಅವಳು ತಲೆಯಾಡಿಸಿ ಒಳಗೆ ಹೋಗಿ ಒಲೆ ಹಚ್ಚಿದಳು. ಅಕ್ಕಿಯ ಅಳತೆ ತೆಗೆದು, ಐದು ಜನಕ್ಕೆ ಹಾಕಿದಳು.

ಹಿಂದೆಯೇ ಅತ್ತೆ ಬಂದು ಬಾಗಿಲಲ್ಲಿ ನಿಂತರು.

“ನಾನು ತರಕಾರಿ ಹೆಚ್ಚಿ ಕೊಡ್ಲಾ?”

“ಬೇಡ. ಕಾಲು ಊದಿದೆ, ಕೂತ್ಕೊಳ್ಳಿ.”

ಅತ್ತೆ ಮಣೆ ಎಳೆದುಕೊಂಡು ಕೂತರು. ಹೊರಗೆ ಕುಳ್ಳನೊಂದಿಗೆ ಮಗ ಏನೋ ಮಾತಾಡುತ್ತಿದ್ದ. ಅಪರೂಪಕ್ಕೆ ಅವನ ದನಿ ದೊಡ್ಡದಾಗಿತ್ತು.

“ನನ್ನ ಕಂಡ್ರೆ ಇನ್ನೂ ಅಸಹ್ಯ ಆಗುತ್ತೇನೇ?” ಅತ್ತೆ ಮೆಲ್ಲಗೆ ಕೇಳಿದರು.

ಸೊಸೆ ಅಕ್ಕಿ ತೊಳೆದ ನೀರು ಬಸಿದು, ಪಾತ್ರೆಯನ್ನು ಒಲೆಯ ಮೇಲಿಟ್ಟಳು.

“ಆಗುತ್ತೆ ಅತ್ತೆ.”

ಅತ್ತೆ ತಲೆದೂಗಿದರು. ಸೊಸೆ ಬುಟ್ಟಿಯಿಂದ ಬೀನ್ಸ್ ತೆಗೆದು, ಚಾಕುವಿನ ಸಮೇತ ಅವರ ಮಡಿಲ ಮುಂದಿಟ್ಟಳು.